ಭೇರ್ಯದ ಅಕ್ಕನ ಇಂಜೆಕ್ಷನ್

ಹುಣಸೂರಿನ ಹೊರಗಿರುವ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್. ತಲೆನೋವು, ಸೂಜಿ ಹೊಕ್ಕ ಬೆರಳು, ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿ ಬಂದು ಮೆಷಿನ್ನಿನ ಮುಂದೆ ತಲೆ ಸುತ್ತಿ ಬಿದ್ದವರು, ಹೆಚ್ಚಾಗಿ ಇಂಥವೇ ನನ್ನ ಹತ್ತಿರ ಬರುವುದು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಮೂರು ಕಡೆಯಿಂದಲೂ ಫ್ಯಾಕ್ಟರಿ ಬಸ್ಸುಗಳು ಹೆಂಗಸರನ್ನು ತುಂಬಿಕೊಂಡು ಬರುತ್ತವೆ. ಅಷ್ಟು ಜನರ ಹೆಸರು ಯಾರಿಗೆ ನೆನಪಿರುತ್ತದೆ? ಬಸ್ಸು ಹತ್ತಿದ ಊರಿನ ಹೆಸರಿನಿಂದಲೇ ಕರೆಯುವುದು ನಮ್ಮಲ್ಲಿ ರೂಢಿ. ನಾನು ಬೆಟ್ಟದಪುರದ ಸಿಸ್ಟರ್. ಅವಳು ಭೇರ್ಯದ ಅಕ್ಕ.

ಭೇರ್ಯದ ಅಕ್ಕ ಕಾಲರ್ ಹೊಲಿಯುವವಳು. ಶರ್ಟಿನಲ್ಲಿ ಕಷ್ಟದ ಭಾಗ ಅದೇ ಅಂತ ನನಗೆ ಗೊತ್ತಾದದ್ದೂ ಅವಳಿಂದ. ಬಟ್ಟೆಯನ್ನು ಒಳಮಗ್ಗುಲಲ್ಲಿ ಹೊಲಿದು ಮಗುಚಿದಾಗ ತುದಿ ಚೂಪಾಗಿ, ಎರಡೂ ಕಡೆ ಒಂದೇ ಸಮ ಬರಬೇಕು. ಬೇರೆಯವರು ಕಡ್ಡಿಯಿಂದ ತಿವಿದು ಮೂಲೆ ತೆಗೆಯುತ್ತಿದ್ದರೆ ಅವಳು ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಹಿಂಡಿ ತಿರುಗಿಸಿಬಿಡುತ್ತಿದ್ದಳು. ಅದನ್ನು ನೋಡಿಯೇ ಅವಳನ್ನು ಸ್ಯಾಂಪಲ್ ವಿಭಾಗಕ್ಕೆ ಹಾಕಿದರು. ವಿದೇಶದ ಖರೀದಿದಾರರಿಗೆ ತೋರಿಸಲು ಮೊದಲ ಶರ್ಟು ಹೊಲಿಯುವ ಜಾಗ ಅದು. ಸಂಬಳ ಹೆಚ್ಚಾಯಿತು. ಆವತ್ತು ಡಿಸ್ಪೆನ್ಸರಿಗೂ ಬಂದು ಕಜ್ಜಾಯ ಕೊಟ್ಟು ಹೋಗಿದ್ದಳು.

ಸಂಬಳ ಹೆಚ್ಚಾದದ್ದರಿಂದ ಇನ್ನೊಂದೂ ಆಯಿತು. ಒಂದು ಮಿತಿ ದಾಟಿದವರಿಗೆ ಸರ್ಕಾರದ ಕಾರ್ಮಿಕ ವಿಮೆ ಸಿಗುವುದಿಲ್ಲ. ಅವರಿಗೆ ಕಂಪನಿಯದೇ ಆರೋಗ್ಯ ಯೋಜನೆ. ಅದಕ್ಕೆ ಬೇರೆ ಕಾರ್ಡು, ಬೇರೆ ಆಸ್ಪತ್ರೆಗಳು. ಹೊಸ ಕಾರ್ಡು ಹೊಳೆಯುತ್ತಿತ್ತು. "ಇನ್ಮೇಲೆ ಕ್ಯೂ ನಿಲ್ಲಂಗಿಲ್ಲ ಕಣವ್ವ, ದೊಡ್ ಆಸ್ಪತ್ರೆಗೇ ಓಗ್ಬೋದಂತೆ" ಎಂದು ಖುಷಿಯಿಂದ ತೋರಿಸಿದಳು. ನನಗೂ ಅದು ಒಳ್ಳೆಯದೇ ಅನ್ನಿಸಿತ್ತು.

ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಊಟದ ಡಬ್ಬಿ ಹಿಡಿದು ನನ್ನ ಹತ್ತಿರ ಬಂದಳು. "ಸಿಸ್ಟ್ರೇ, ಇದ್ನ ವಸಿ ತೆಗ್ದುಕೊಡಿ" ಅಂದಳು. ಮುಚ್ಚಳ ಬಿಗಿಯಾಗಿದೆ ಅಂದುಕೊಂಡು ತಿರುಗಿಸಿದೆ, ಸಲೀಸಾಗಿ ಬಂತು. ಅವಳ ಮುಖ ನೋಡಿದೆ. ನಕ್ಕಳು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟಳು. ಬೆರಳುಗಳ ಬುಡದ ಗೆಣ್ಣುಗಳು ಊದಿಕೊಂಡಿದ್ದವು, ಮುಟ್ಟಿದರೆ ಬಿಸಿ.

"ಯಾವಾಗಿಂದ ಅಕ್ಕ?"

"ಬೆಳಗ್ಗೆ ಎದ್ರೆ ಕೈ ಮುಚ್ಚಾಕೇ ಆಗಲ್ಲ ಕಣವ್ವ. ಬಸ್ಸು ಹುಣಸೂರು ಮುಟ್ಟೋ ಗಂಟ ಮಡಿಲಲ್ಲಿ ಇಟ್ಕಂಡು ಉಜ್ಕತಾ ಬತ್ತೀನಿ. ಮೆಷಿನ್ ಮುಂದೆ ಕೂತ್ರೆ ಸರಿ ಓಯ್ತದೆ."

"ಯಾಕೆ ಹೇಳ್ಲಿಲ್ಲ?"

"ಏಳುದ್ರೆ ಸ್ಯಾಂಪಲ್ಲಿಂದ ತೆಗ್ದುಬುಟ್ಟಾರು ಅಂತ."

ಮೈಸೂರಿನ ಕೀಲಿನ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವಳ ಗಂಡ ಭತ್ತದ ಕುಯ್ಲಿನಲ್ಲಿದ್ದ, ಬರಲಾಗಲಿಲ್ಲ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಸಂಧಿವಾತ ಅಂದರು. ಸವೆದು ಬರುವ ಮುದುಕರ ಕೀಲುನೋವಲ್ಲ, ದೇಹ ತನ್ನ ಕೀಲುಗಳನ್ನು ತಾನೇ ಶತ್ರುವೆಂದು ತಿಳಿದು ತಿನ್ನತೊಡಗುವ ಕಾಯಿಲೆ. ಡಾಕ್ಟರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಮಾತ್ರೆ ಬರೆದುಕೊಟ್ಟು, "ಬೇಗ ಹಿಡಿತಕ್ಕೆ ತಂದ್ರೆ ಕೈ ಉಳಿಯುತ್ತೆ. ತಡ ಮಾಡಿದ್ರೆ ಬೆರಳು ಸೊಟ್ಟಗಾಗುತ್ತೆ, ಆಮೇಲೆ ನೋವು ಹೋದ್ರೂ ಬೆರಳು ನೆಟ್ಟಗಾಗಲ್ಲ" ಎಂದರು. ಭೇರ್ಯದ ಅಕ್ಕ ತಲೆಯಾಡಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಒಂದು ಸಲ ಕೇಳಿದಳು: "ಸೊಟ್ಟ ಅಂದ್ರೆ ಎಷ್ಟು ಸೊಟ್ಟ?" ನನಗೆ ಗೊತ್ತಿತ್ತು. ನರ್ಸಿಂಗ್ ಓದುವಾಗ ವಾರ್ಡಿನಲ್ಲಿ ಅಂಥ ಕೈಗಳನ್ನು ಕಂಡಿದ್ದೆ. ಅಷ್ಟೆಲ್ಲ ಆಗಲ್ಲ ಬಿಡಕ್ಕ ಅಂದೆ.

ಮಾತ್ರೆ ಶುರುವಾಯಿತು. ಮೊದಮೊದಲು ಸ್ವಲ್ಪ ಇಳಿದಂತೆ ಕಂಡಿತು. ಆಮೇಲೆ ವಾಕರಿಕೆ, ಬಾಯಿಹುಣ್ಣು. ರಕ್ತ ಪರೀಕ್ಷೆಯಲ್ಲಿ ಲಿವರಿಗೆ ಪೆಟ್ಟು ಬೀಳುತ್ತಿರುವುದು ಗೊತ್ತಾಯಿತು. ಮುಖ್ಯವಾದ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ನಿಲ್ಲಿಸಿದ ಮೇಲೆ ಕೈ ಇನ್ನೂ ಊದಿತು. ಮೈಸೂರಿನ ಡಾಕ್ಟರು ಈ ಸಲ ತಿಂಗಳಿಗೆ ಎರಡು ಬಾರಿ ಚುಚ್ಚುವ ಒಂದು ಇಂಜೆಕ್ಷನ್ ಬರೆದರು. ಬೆಲೆ ಹೆಚ್ಚು. ಆದರೆ ಕಾರ್ಡು ಇತ್ತಲ್ಲ, ನಾವು ಧೈರ್ಯವಾಗಿಯೇ ಇದ್ದೆವು.

ಕಂಪನಿ ಕೊಡುವುದಿಲ್ಲ ಅಂದಿತು.

ಅದನ್ನು ಹೇಳಲು ವೆಲ್ಫೇರ್ ಆಫೀಸರು ತಾವೇ ಡಿಸ್ಪೆನ್ಸರಿಗೆ ಬಂದರು. ಎಚ್.ಡಿ. ಕೋಟೆ ಕಡೆಯವರು, ಅಂತರಸಂತೆಯ ಹತ್ತಿರ ಹಳ್ಳಿ, ಹೆಂಗಸರ ಜೊತೆ ಎಂದೂ ಗದರಿ ಮಾತಾಡಿದವರಲ್ಲ. ಯೋಜನೆ ಹೇಗೆ ನಡೆಯುತ್ತದೆಂಬುದು ನನಗೆ ಸರಿಯಾಗಿ ತಿಳಿದದ್ದು ಆವತ್ತೇ. ಹೊರಗಿನ ಯಾವುದೋ ವಿಮೆ ಕಂಪನಿ ದುಡ್ಡು ಕೊಡುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಕಂಪನಿ ತನ್ನ ದುಡ್ಡನ್ನೇ ಒಂದು ಕಡೆ ಇಟ್ಟಿರುತ್ತದೆ. ಅದರಿಂದ ಯಾವ ಚಿಕಿತ್ಸೆಗೆ ಕೊಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬೆಂಗಳೂರಿನಲ್ಲಿ ಡಾಕ್ಟರುಗಳ ಒಂದು ಸಮಿತಿ ತೀರ್ಮಾನಿಸುತ್ತದೆ. ಅವರು ಯಾರ ಮುಖವನ್ನೂ ನೋಡುವುದಿಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಓದುತ್ತಾರೆ. ದುಬಾರಿ ಔಷಧಿಯೊಂದು ಅಗ್ಗದ ಔಷಧಿಗಿಂತ ನಿಜವಾಗಿ ಮೇಲೋ ಅಲ್ಲವೋ ಎಂದು ನೋಡುತ್ತಾರೆ. ಮೇಲಲ್ಲ ಅಂತ ಕಂಡರೆ ಅಗ್ಗದ್ದು ಮೊದಲು.

"ಸಂಧಿವಾತಕ್ಕೆ ಮೂರು ಥರದ ಮಾತ್ರೆ ಸೇರಿಸಿ ಕೊಟ್ರೆ ಬಹಳ ಜನಕ್ಕೆ ಇಂಜೆಕ್ಷನ್ನಷ್ಟೇ ಕೆಲಸ ಮಾಡುತ್ತಂತೆ ಸಿಸ್ಟರ್" ಎಂದರು ಅವರು. "ಸಂಶೋಧನೆ ಅಂಗೇ ಹೇಳ್ತದಂತೆ. ಮೊದ್ಲು ಅದನ್ನ ಆರು ತಿಂಗಳು ಕೊಟ್ಟು ನೋಡಿ ಅಂದವ್ರೆ."

"ಅದರಲ್ಲಿ ಒಂದು ಮಾತ್ರೆ ಅವಳಿಗೆ ಆಗ್ತಾ ಇಲ್ಲವಲ್ಲ ಸರ್. ಲಿವರ್ ತಡೀತಿಲ್ಲ."

"ಅದನ್ನೂ ಬರೆದೆ. ಅದರ ಬದಲು ಬೇರೆ ಮಾತ್ರೆ ಹಾಕಿ ನೋಡಲಿ ಅಂದ್ರು. ನಾನೇನ್ ಮಾಡ್ಲಿ ಹೇಳಿ."

ಅವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಮೈಸೂರಿನ ಡಾಕ್ಟರರಿಗೆ ಫೋನ್ ಮಾಡಿ ಕೇಳಿದೆ. ಅವರೂ ಇಲ್ಲ ಅನ್ನಲಿಲ್ಲ. "ಆ ಸಂಶೋಧನೆ ಸರಿಯಾಗೇ ಇದೆಯಮ್ಮ. ನಾನೂ ಬಹಳ ಜನಕ್ಕೆ ಮಾತ್ರೇನೇ ಕೊಡೋದು, ಗುಣ ಆಗ್ತಾರೆ. ಆದ್ರೆ ಆಗದೇ ಇರೋರೂ ಇರ್ತಾರಲ್ಲ? ಅವರ ಬಗ್ಗೆಯೂ ಅದೇ ಸಂಶೋಧನೆಯಲ್ಲಿದೆ. ಅವರನ್ನ ಬೇಗ ಬದಲಾಯಿಸಿ ಅಂತಾನೇ ಇದೆ. ಬರೆದು ಕೊಡ್ತೀನಿ, ಕಳಿಸಿ" ಎಂದರು. ಬರೆದು ಕೊಟ್ಟರು. ನಾವು ಕಳಿಸಿದೆವು. ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆಯಂತೆ. ಮುಂದಿನ ಸಭೆಯವರೆಗೆ ಬದಲಿ ಮಾತ್ರೆ ನುಂಗುತ್ತಿರಲಿ ಎಂದು ಉತ್ತರ ಬಂತು.

ಇದನ್ನೆಲ್ಲ ಭೇರ್ಯದ ಅಕ್ಕನಿಗೆ ಬಿಡಿಸಿ ಹೇಳುವ ಕೆಲಸ ನನ್ನದಾಯಿತು. ಮಂಚದ ಮೇಲೆ ಕೂರಿಸಿ ಬಿಸಿನೀರಿನ ಬೋಗುಣಿಯಲ್ಲಿ ಅವಳ ಕೈ ಇಳಿಬಿಟ್ಟು ಹೇಳಿದೆ. ಎಲ್ಲೆಲ್ಲೋ ಬಹಳ ಜನ ರೋಗಿಗಳಿಗೆ ಮಾತ್ರೆ ಕೊಟ್ಟು, ಅಷ್ಟೇ ಜನಕ್ಕೆ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಿದ್ದಾರೆ, ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿದೆ ಅಂತ. ಅವಳು ಕೇಳಿಸಿಕೊಂಡಳು. ನೀರು ತಣ್ಣಗಾದ ಮೇಲೆ ಕೈ ಹೊರಗೆ ತೆಗೆದಳು.

"ಅಂದ್ರೆ ನಂಗೆ ನೋವಿಲ್ಲ ಅಂತಾರಾ?"

"ಹಾಗಲ್ಲಕ್ಕ. ನೋವಿದೆ, ಮಾತ್ರೆಗೇ ಹೋಗುತ್ತೆ ಅಂತಾರೆ."

"ಓಯ್ತಿಲ್ವಲ್ಲವ್ವ."

"ಕಾದು ನೋಡಿ ಅಂತಾರೆ."

ಅವಳು ಕೈ ಒರೆಸಿಕೊಂಡಳು. ಟವೆಲ್ಲನ್ನು ಹಿಂಡಲು ಹೋಗಿ, ಆಗದೆ, ಹಾಗೇ ಬಿಟ್ಟಳು.

ಆ ತಿಂಗಳುಗಳನ್ನು ನೆನೆದರೆ ಈಗಲೂ ಮನಸ್ಸು ಕುಗ್ಗುತ್ತದೆ. ಪ್ರತಿದಿನ ಅವಳ ಕೈಯನ್ನು ನೋಡುತ್ತಿದ್ದೆ. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಲಗೈ ಬೆರಳುಗಳು ಗಾಳಿಗೆ ಬಾಗಿದ ಪೈರಿನಂತೆ ಒಂದೇ ದಿಕ್ಕಿಗೆ, ಕಿರುಬೆರಳಿನ ಕಡೆಗೆ ವಾಲತೊಡಗಿದವು. ಹೆಬ್ಬೆರಳಿನ ಗೆಣ್ಣು ಉಬ್ಬಿತು. ಅವಳು ಕಾಲರ್ ತುದಿಯನ್ನು ಬೆರಳಲ್ಲಿ ತಿರುಗಿಸುವುದನ್ನು ಬಿಟ್ಟು ಕಡ್ಡಿ ಹಿಡಿದಳು. ಸ್ವಲ್ಪ ದಿನಕ್ಕೆ ಕಡ್ಡಿಯೂ ಜಾರತೊಡಗಿತು. ಸ್ಯಾಂಪಲ್ ವಿಭಾಗದ ಇತರ ಹೆಂಗಸರು ಮೇಸ್ತ್ರಿಗೆ ಕಾಣದಂತೆ ಅವಳ ಕಾಲರನ್ನು ತಾವೇ ಮಗುಚಿ ಕೊಡುತ್ತಿದ್ದರು. ಅದು ಅವಳಿಗೆ ನೋವಿಗಿಂತ ಹೆಚ್ಚು ಕಷ್ಟವಾಗಿತ್ತು. "ಕೈ ಇಡ್ಕಂಡು ಏಳ್ಕೊಟ್ಟಿದ್ದೇ ನಾನು ಅವ್ಕೆ" ಎಂದು ಒಮ್ಮೆ ಹೇಳಿದಳು.

ಆ ಮಳೆಗಾಲದಲ್ಲಿ, ಮುಂದಿನ ಸಭೆಗೆ ಮೊದಲೇ, ಬೆಂಗಳೂರಿನಿಂದ ಸಮಿತಿಯ ಒಬ್ಬ ಡಾಕ್ಟರು ನಮ್ಮ ಫ್ಯಾಕ್ಟರಿಗೆ ಬಂದರು. ರಕ್ತಹೀನತೆಯ ಬಗ್ಗೆ ಹೆಂಗಸರಿಗೆ ಭಾಷಣ ಮಾಡಲು ಬಂದದ್ದು. ಕನ್ನಡದವರೇ, ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಭಾಷಣ ಮುಗಿದ ಮೇಲೆ ಡಿಸ್ಪೆನ್ಸರಿಗೆ ಚಹಾ ಕುಡಿಯಲು ಬಂದಾಗ, ಒಬ್ಬರನ್ನು ನೋಡುತ್ತೀರಾ ಎಂದು ಕೇಳಿದೆ. ನೋಡುತ್ತೇನೆ ಅಂದರು. ಭೇರ್ಯದ ಅಕ್ಕನನ್ನು ಕರೆಸಿದೆ.

ಅವರು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಗೆಣ್ಣು ಗೆಣ್ಣನ್ನೇ ಒತ್ತಿ ನೋಡಿದರು. ಒತ್ತುವ ರೀತಿಯಲ್ಲೇ ಒಳ್ಳೆಯ ಡಾಕ್ಟರು ಅಂತ ಗೊತ್ತಾಗುತ್ತಿತ್ತು. ಕಾಗದಗಳನ್ನು ಓದಿದರು. ಚಹಾ ಹಾಗೇ ಉಳಿಯಿತು.

"ನಿಮ್ಮ ಕೇಸು ನಮ್ಮ ಸಭೆಗೆ ಬಂದಿತ್ತಮ್ಮ. ನೆನಪಿದೆ" ಎಂದರು. "ಹತ್ತಾರು ಫ್ಯಾಕ್ಟರಿಗಳ ಕೇಸು ಬರುತ್ತೆ. ಇರೋ ಹಣ ಒಂದೇ. ಹೆಚ್ಚು ಉಪಯೋಗ ಇಲ್ಲದ ಔಷಧಿಗೆ ಕೊಟ್ಟುಬಿಟ್ರೆ ಬೇರೆ ಯಾರಿಗೋ ಕಡಿಮೆಯಾಗುತ್ತೆ. ನಿಮ್ಮ ಫ್ಯಾಕ್ಟರಿಯಲ್ಲೇ ಒಬ್ಬರಿಗೆ ಡಯಾಲಿಸಿಸ್ ನಡೀತಿದೆಯಲ್ಲ, ಬಾಯ್ಲರ್ ನೋಡ್ಕೊಳ್ಳೋರು. ಅವರಿಗೆ ಪೂರ್ತಿ ಕೊಡ್ತಿದ್ದೀವಿ. ಅದಿಲ್ದಿದ್ರೆ ಅವರು ಬದುಕೋದಿಲ್ಲ, ಅದರಲ್ಲಿ ಅನುಮಾನ ಇಲ್ಲ. ನಿಮ್ಮ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ."

ಬಾಯ್ಲರಿನವರನ್ನು ನಮಗೆಲ್ಲ ಗೊತ್ತಿತ್ತು. ವಾರದಲ್ಲಿ ಕೆಲವು ದಿನ ಮೈಸೂರಿಗೆ ಹೋಗಿ ಬಂದು, ಮುಖ ಬಿಳಿಚಿಕೊಂಡು, ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕೂತಿರುತ್ತಿದ್ದರು. ಭೇರ್ಯದ ಅಕ್ಕ ಅವರಿಗೆ ಆಗಾಗ ಮನೆಯಿಂದ ಉಪ್ಪಿಲ್ಲದ ಪಲ್ಯ ತಂದು ಕೊಡುತ್ತಿದ್ದಳು.

"ಅವ್ರದ್ದು ಕಿತ್ಕಂಡು ನಂಗೆ ಕೊಡಿ ಅನ್ನಲ್ಲ ಸಾ" ಎಂದಳು. "ಅಂಗೆ ಅನ್ನಾಕೆ ನಂಗೇನು ಉಚ್ಚಾ? ಆದ್ರೆ ಈ ಕೈ ಓದ್ರೆ ನಾನು ಎಂಗೆ ದುಡೀಲಿ?"

ಡಾಕ್ಟರು ಅವಳ ಹೆಬ್ಬೆರಳನ್ನು ಮೆಲ್ಲಗೆ ಬಗ್ಗಿಸಿ ನೋಡಿದರು. ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಹೊಸ ಎಕ್ಸ್‌ರೇ ತೆಗೆಸಿ ಕಳಿಸಿ, ನಾನೇ ಸಭೆಯಲ್ಲಿ ಮಾತಾಡುತ್ತೇನೆ ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ಸಿಸ್ಟರ್, ಸಭೇಲಿ ಕೂತಾಗ ಕಾಗದ ಮಾತ್ರ ಕಾಣುತ್ತೆ" ಎಂದು ಮೆಲ್ಲಗೆ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆನ್ನಿಸಿತು. ಆಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ಒಬ್ಬ ಕೆಟ್ಟ ಮನುಷ್ಯ ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಮಾತು ಉಳಿಸಿಕೊಂಡರು. ಮುಂದಿನ ಸಭೆಯಲ್ಲಿ ಇಂಜೆಕ್ಷನ್ ಮಂಜೂರಾಯಿತು. ಐಸ್ ತುಂಬಿದ ಸಣ್ಣ ಡಬ್ಬಿಯಲ್ಲಿ ಅದು ಮೈಸೂರಿನಿಂದ ಬಂತು. ನಾನೇ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡು ಏನನ್ನೋ ಹೇಳಿಕೊಳ್ಳುತ್ತಿದ್ದಳು. ಮನೆದೇವರನ್ನು ನೆನೆಸಿಕೊಂಡಿರಬೇಕು.

ಕೆಲವೇ ವಾರಗಳಲ್ಲಿ ಊತ ಇಳಿಯಿತು. ಗೆಣ್ಣಿನ ಬಿಸಿ ಹೋಯಿತು. ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದವಳೇ ಓಡುತ್ತ ಬಂದು, "ರಾತ್ರಿ ಪೂರಾ ನಿದ್ದೆ ಬಂತು ಕಣವ್ವ! ಯಾವ್ ಕಾಲಾಗಿತ್ತೋ!" ಅಂದಳು. ಇಬ್ಬರೂ ನಕ್ಕೆವು. ಅವಳು ಸ್ಯಾಂಪಲ್ ಮೇಜಿಗೆ ಹೋಗಿ ಒಂದು ಕಾಲರ್ ಎತ್ತಿಕೊಂಡಳಂತೆ. ನಾನು ಅಲ್ಲಿರಲಿಲ್ಲ, ಆಮೇಲೆ ಬೇರೆಯವರು ಹೇಳಿದರು. ಮಗುಚಲು ಪ್ರಯತ್ನಿಸಿದಳಂತೆ. ನೋವಿರಲಿಲ್ಲ, ಆದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಲಿಲ್ಲ. ಎರಡರ ನಡುವೆ ಬಟ್ಟೆ ಜಾರಿ ಬೀಳುತ್ತಿತ್ತು. ಎತ್ತಿಕೊಳ್ಳುವುದು, ಬೀಳುವುದು. ಕೊನೆಗೆ ಪಕ್ಕದವಳು ಬಗ್ಗಿ ಎತ್ತಿ, ತಾನೇ ಮಗುಚಿ ಅವಳ ಮುಂದೆ ಇಟ್ಟಳಂತೆ.

ಎಕ್ಸ್‌ರೇ ನೋಡಿ ಮೈಸೂರಿನ ಡಾಕ್ಟರು ಹೇಳಿದ್ದೂ ಅದೇ. ಕಾಯಿಲೆ ನಿಂತಿದೆ. ತಿಂದುಹೋದ ಮೂಳೆ ವಾಪಸು ಬರುವುದಿಲ್ಲ.

ಸ್ಯಾಂಪಲ್ಲಿನಿಂದ ಅವಳನ್ನು ದಾರ ಕತ್ತರಿಸುವ ಕಡೆಗೆ ಹಾಕಿದರು. ಅಲ್ಲಿ ಇಡೀ ದಿನ ಕತ್ತರಿ ಹಿಡಿಯಬೇಕು. ಅದೂ ಆಗಲಿಲ್ಲ. ಎಣಿಸಿ ಕಟ್ಟುವ ಕಡೆ ಹಾಕಿದರು. ಗಂಟು ಬಿಗಿಯಲು ಆಗಲಿಲ್ಲ. ವೆಲ್ಫೇರ್ ಆಫೀಸರು ಓಡಾಡಿ ಬೇರೆ ಜಾಗ ಹುಡುಕಿದರು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಬೆರಳಿಲ್ಲದೆ ಮಾಡುವ ಕೆಲಸ ಯಾವುದಿದೆ? ಕಡೆಗೆ ಒಂದು ದಿನ ಅವಳೇ ಬಿಡುತ್ತೇನೆ ಅಂದಳು.

"ಅಕ್ಕ, ಕೆಲಸ ಬಿಟ್ರೆ ಕಾರ್ಡೂ ಹೋಗುತ್ತೆ. ಕಾರ್ಡು ಹೋದ್ರೆ ಇಂಜೆಕ್ಷನ್ ಹೋಗುತ್ತೆ" ಎಂದೆ.

"ಗೊತ್ತು."

"ಸ್ವಲ್ಪ ತಡ್ಕೊಳ್ಳಿ."

"ಎಲ್ರೂ ನನ್ ಕೆಲ್ಸನ ಎಂಗೆ ಮಾಡ್ಕೊಡೋದು ಅಂತ ನೋಡ್ತಾ ನಿಂತವ್ರೆ ಕಣವ್ವ. ಅದ್ನ ನೋಡಾಕೆ ಆಗಾಕಿಲ್ಲ ನಂಗೆ."

ಕೊನೆಯ ದಿನ ಡಿಸ್ಪೆನ್ಸರಿಯ ಫ್ರಿಜ್ಜಿನಲ್ಲಿ ಅವಳ ಹೆಸರಿನ ಒಂದು ಇಂಜೆಕ್ಷನ್ ಉಳಿದಿತ್ತು. ಚುಚ್ಚಿ ಕಳಿಸಿದೆ. ಅವಳು ನನ್ನ ಕೆನ್ನೆ ಮುಟ್ಟಿದಳು, ಬೆರಳಿನ ಹಿಂಭಾಗದಿಂದ. ಕೆ.ಆರ್. ನಗರದ ಬಸ್ಸು ಹೊರಡುವವರೆಗೂ ಗೇಟಿನಲ್ಲಿ ನಿಂತಿದ್ದೆ. ಕಿಟಕಿಯ ಪಕ್ಕ ಕೂತಿದ್ದಳು, ಹೊರಗೆ ನೋಡಲಿಲ್ಲ.

ಸ್ವಲ್ಪ ಕಾಲವಾದ ಮೇಲೆ ಬೆಂಗಳೂರಿನ ಅದೇ ಡಾಕ್ಟರು ಫೋನ್ ಮಾಡಿದರು. ಇಂಜೆಕ್ಷನ್ ಪಡೆದ ನೌಕರರೆಲ್ಲರ ವಿವರ ಕೂಡಿಸುತ್ತಿದ್ದಾರಂತೆ, ನೋವು ಎಷ್ಟು ಇಳಿಯಿತು, ಊತ ಎಷ್ಟು ಇಳಿಯಿತು, ಯಾವಾಗ ಶುರು ಮಾಡಿದ್ದು ಅಂತ. ನಾನು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಭೇರ್ಯದ ಅಕ್ಕ ಕೆಲಸ ಬಿಟ್ಟದ್ದನ್ನೂ ಹೇಳಿದೆ. "ಅವರ ಕೇಸು ಇಟ್ಕೊಂಡೇ ನಿಯಮ ಬದಲಾಯಿಸ್ತಿದ್ದೀವಿ. ಲಿವರ್ ತೊಂದರೆ ಇರೋರನ್ನ ಇನ್ನು ಕಾಯಿಸೋದಿಲ್ಲ" ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತು. ಅದು ಅವರಿಗೆ ಬೇಕೂ ಆಗಿತ್ತೇನೋ.

ನಿಯಮ ಬದಲಾಯಿತು ಕೂಡ. ಪಿರಿಯಾಪಟ್ಟಣದ ಬಸ್ಸಿನಲ್ಲಿ ನನ್ನ ಜೊತೆಯೇ ಬರುವ ಒಬ್ಬ ಸೂಪರ್‌ವೈಸರ್ ಹೆಂಗಸಿಗೆ ಅದೇ ಕಾಯಿಲೆ ಬಂತು, ಅವಳಿಗೂ ಮಾತ್ರೆ ಒಗ್ಗಲಿಲ್ಲ. ಬೇಗನೆ ಇಂಜೆಕ್ಷನ್ ಸಿಕ್ಕಿತು. ಈಗ ಬಸ್ಸಿನ ಕಂಬಿ ಹಿಡಿದು ನಿಂತು, ಕೈ ಬೀಸಿ ಜೋರಾಗಿ ಮಾತಾಡುತ್ತಾಳೆ. ಇಷ್ಟು ಬೇಗ ಹೇಗೆ ಸಿಕ್ಕಿತು ಎಂಬುದು ಅವಳಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ.

ಕಳೆದ ಬೇಸಿಗೆಯಲ್ಲಿ ಭೇರ್ಯಕ್ಕೆ ಹೋಗಿದ್ದೆ. ಅವಳ ಮನೆ ಊರಿನ ಕೊನೆಯ ಬೀದಿಯಲ್ಲಿ, ಗದ್ದೆ ಶುರುವಾಗುವಲ್ಲಿ. ನಾನು ಹೋದಾಗ ಜಗಲಿಯಲ್ಲಿ ಅವಳು ಕೂತಿದ್ದಳು, ಹಿಂದೆ ಗಂಡ ಕೂತು ಅವಳ ತಲೆ ಬಾಚಿ ಜಡೆ ಹೆಣೆಯುತ್ತಿದ್ದ. ನನ್ನನ್ನು ಕಂಡು ನಾಚಿಕೊಂಡು ಬಾಚಣಿಗೆ ಕೆಳಗಿಟ್ಟ. "ಬುಡಬೇಡ ಅರ್ಧಕ್ಕೆ, ನಮ್ ಸಿಸ್ಟ್ರೇ" ಎಂದು ಅವಳು ಗದರಿದಳು. ಅವನು ಪೂರ್ತಿ ಹೆಣೆದು, ದಾರ ಕಟ್ಟಿ, ಕಾಫಿ ಮಾಡಲು ಒಳಗೆ ಹೋದ.

"ರವಿಕೆ ಗುಂಡಿನೂ ಅವ್ರೇ ಆಕೋದು ಈಗ" ಎಂದಳು ದನಿ ತಗ್ಗಿಸಿ. "ಮೊದ್ಲು ಅಳ್ತಿದ್ದೆ. ಈಗ ಇಲ್ಲ."

ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರಂತೆ, ಅದನ್ನೇ ನುಂಗುತ್ತಿದ್ದಾಳೆ. ಊತ ಮತ್ತೆ ಬಂದಿತ್ತು. ಈಗ ಎಡಗೈ ಬೆರಳುಗಳೂ ವಾಲತೊಡಗಿದ್ದವು.

ಪಿರಿಯಾಪಟ್ಟಣದ ಹೆಂಗಸಿನ ಸುದ್ದಿಯನ್ನು ಹೇಳಬಾರದು ಅಂದುಕೊಂಡೇ ಹೋಗಿದ್ದೆ. ಆದರೆ ಫ್ಯಾಕ್ಟರಿಯಲ್ಲಿ ಯಾರ್ಯಾರು ಹೇಗಿದ್ದಾರೆ ಎಂದು ಅವಳು ಒಬ್ಬೊಬ್ಬರನ್ನೇ ಕೇಳುತ್ತಾ ಬಂದಳು. ಬಾಯ್ಲರಿನವರು ಇನ್ನೂ ಇದ್ದಾರೆ ಎಂದೆ. ಕಣ್ಣರಳಿಸಿ "ಇರ್ಲಿ, ಇರ್ಲಿ" ಎಂದಳು. ಆಮೇಲೆ ಮಾತಿಗೆ ಮಾತು ಬಂದು ಆ ಹೆಂಗಸಿನ ಸುದ್ದಿಯೂ ಹೊರಬಿತ್ತು.

"ಅವ್ಳಿಗೆ ಬೇಗ ಸಿಕ್ತಾ?"

"ಸಿಕ್ತು ಅಕ್ಕ."

"ಕೈ ನೆಟ್ಟಗೈತಾ?"

"ನೆಟ್ಟಗಿದೆ."

ಅವಳು ಗದ್ದೆಯ ಕಡೆ ನೋಡುತ್ತ ಕೂತಳು. ನಿಮ್ಮಿಂದಲೇ ಆದದ್ದು ಅಂತ ನಾನು ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಹೇಳಲಿಲ್ಲ.

"ಒಳ್ಳೇದಾಯ್ತು ಬುಡು" ಎಂದಳು ಕೊನೆಗೆ. ಗಂಡ ಕಾಫಿ ತಂದ. ಅವಳಿಗೆ ಲೋಟದಲ್ಲಿ ಅರ್ಧ ಮಾತ್ರ ಹಾಕಿ ತಂದಿದ್ದ, ತುಳುಕದಂತೆ. ಎರಡು ಅಂಗೈ ನಡುವೆ ಒತ್ತಿ ಹಿಡಿದು, ಬಗ್ಗಿ, ತುಟಿಯನ್ನೇ ಲೋಟದ ಹತ್ತಿರ ಒಯ್ದು ಕುಡಿದಳು. ಕೆ.ಆರ್. ನಗರದ ಕಡೆ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದೆ. ಇನ್ನೇನು ಬರುತ್ತೆ ಅಂದ ಅವನು. ನಾನು ಎದ್ದೆ.